ಕಚೇರಿಯ ಸುರಂಗವೂ ಮನೆಯ ಅಂಗಳವೂ

ಹುಟ್ಟಿ ಬೆಳೆದ ಮನೆಯ ಚಾವಡಿಯಲ್ಲಿಯೇ ಕುಳಿತಿದ್ದು, ಅದೇ ಮನೆಯ ಪಾಲಿಗೆ ಪರಸ್ಥಳದವನಾಗಿಬಿಡುವ ಒಂದು ಅವಸ್ಥೆಯು ಈಚಿನ ವರ್ಷಗಳಲ್ಲಿ ನಮ್ಮ ಕರಾವಳಿಯ ಅನೇಕ ತರುಣ ತರುಣಿಯರಿಗೆ ನಿತ್ಯದ ಅನುಭವವಾಗಿ ಪರಿಣಮಿಸಿದೆ. ಬೆಂಗಳೂರಿನ ಕಂಪೆನಿಯೊಂದರ ಉದ್ಯೋಗವನ್ನು ಬಸ್ರೂರಿನ ಹಂಚಿನ ಮನೆಯಿಂದಲೇ ನಿರ್ವಹಿಸುತ್ತಿರುವ ಯುವಕನು ಬೆಳಗಿನ ಗಂಜಿಯುಂಡು ಲ್ಯಾಪ್‌ಟಾಪಿನ ಮುಂದೆ ಕುಳಿತು ವಿಪಿಎನ್ ಎಂಬ ತಂತ್ರಾಂಶವನ್ನು ಚಾಲನೆಗೊಳಿಸಿದೊಡನೆ, ಘಟ್ಟದಾಚೆ ಸುಮಾರು 400 ಕಿಲೋಮೀಟರ್ ದೂರದಲ್ಲಿರುವ ಕಚೇರಿಯ ಕಡತಗಳೆಲ್ಲ ಕೈಗೆಟಕುವಷ್ಟು ಸಮೀಪಕ್ಕೆ ಬರುತ್ತವೆ. ಆದರೆ ಅದೇ ಕ್ಷಣದಲ್ಲಿ, ಪಕ್ಕದ ಕೋಣೆಯ ಮೇಜಿನ ಮೇಲಿರುವ ಪ್ರಿಂಟರು, ಬಾವಿಕಟ್ಟೆಯ ಕಡೆಗೆ ಮುಖಮಾಡಿ ನಿಂತ ಕ್ಯಾಮೆರಾ, ಕುಟುಂಬದ ಛಾಯಾಚಿತ್ರಗಳನ್ನೆಲ್ಲ ಕಾಪಿಟ್ಟ ಹಾರ್ಡ್ ಡಿಸ್ಕ್, ಇವೆಲ್ಲವೂ ಅವನ ಯಂತ್ರದ ದೃಷ್ಟಿಗೆ ಇಲ್ಲದವಾಗಿಬಿಡುತ್ತವೆ.

“ಮಗಾ, ಈ ಪಟ್ಟಿ ಒಂದ್ ಪ್ರತಿ ತೆಗ್ದ್ ಕೊಡ್, ದೇವಸ್ಥಾನಕ್ಕೆ ಹೋಯ್ಕ್” ಎಂದು ತಂದೆ ಕೇಳಿದರೆ, “ಸ್ವಲ್ಪ ನಿಲ್ಲಿ ಅಪ್ಪಯ್ಯ, ಈಗ ವಿಪಿಎನ್ ಹಾಕಿದ್ದೆ, ಪ್ರಿಂಟರ್ ಕಾಂತಿಲ್ಲೆ” ಎಂಬ ಉತ್ತರ. ತಂದೆಗೆ ಇದರ ಅರ್ಥವಾಗುವುದಿಲ್ಲ. ಪ್ರಿಂಟರು ಅಲ್ಲಿಯೇ ಇದೆ, ಅದರ ಹಸಿರು ದೀಪ ಉರಿಯುತ್ತಿದೆ, ಅವರ ಸ್ವಂತ ಮೊಬೈಲಿಗೆ ಅದು ಕಾಣಿಸುತ್ತಲೂ ಇದೆ. ಮಗನಾದರೋ ಕೊನೆಗೆ ಬೇಸತ್ತು, ಕಚೇರಿಯ ಸಂಪರ್ಕವನ್ನು ಕಡಿದು, ಹಾಳೆಯನ್ನು ಮುದ್ರಿಸಿಕೊಟ್ಟು, ಮತ್ತೆ ಗುಪ್ತಪದವನ್ನೂ ಮೊಬೈಲಿಗೆ ಬಂದ ಸಂಖ್ಯೆಯನ್ನೂ ನಮೂದಿಸಿ ಒಳಪ್ರವೇಶಿಸುತ್ತಾನೆ. ಹೀಗೆ ದಿನಕ್ಕೆ ಹಲವು ಸಲ ಕಡಿದು ಕೂಡಿಸುವ ಕ್ರಮದಲ್ಲಿ ಒಂದಲ್ಲ ಒಂದು ಸಲ ಮರಳಿ ಕೂಡಿಸಲು ಮರೆತು, ರಕ್ಷಣೆಯಿಲ್ಲದ ದಾರಿಯಲ್ಲೇ ಅರ್ಧ ದಿನದ ಕೆಲಸ ಸಾಗಿಬಿಡುವುದೂ ಉಂಟು. ಸುರಕ್ಷತೆಗಾಗಿ ವಿಧಿಸಿದ ಕಟ್ಟುಪಾಡು ಅತಿಯಾದಾಗ ಅದು ಸುರಕ್ಷತೆಯನ್ನೇ ನುಂಗಿಹಾಕುವ ಪರಿ ಇದು. ಆದುದರಿಂದಲೇ ಈ ಸಣ್ಣ ತೊಡಕು ಒಂದು ಲೇಖನದಷ್ಟು ವಿಚಾರಕ್ಕೆ ಯೋಗ್ಯವಾದುದೆಂದು ನಾನು ಭಾವಿಸಿದ್ದೇನೆ. ಪ್ರಿಂಟರು ಕಾಣದಿರುವುದು ಯಂತ್ರದ ದೋಷವೆಂದೂ, ವೈಫೈಯ ದೌರ್ಬಲ್ಯವೆಂದೂ ಜನ ತಿಳಿಯುತ್ತಾರೆ. ವಾಸ್ತವವಾಗಿ ಅದು ಯಾರೋ ಒಬ್ಬರು ಕೈಗೊಂಡ ಒಂದು ನಿರ್ಣಯದ ಫಲ. ಆ ನಿರ್ಣಯವನ್ನು ಅರಿತು, ಅದರಲ್ಲಿ ತನಗೆ ಯಾವ ಭಾಗ ಬೇಕು, ಯಾವುದು ಬೇಡ ಎಂಬುದನ್ನು ಮನೆಯವನು ತಾನೇ ವಿವೇಚಿಸಿ ತೀರ್ಮಾನಿಸುವಂತಾಗಬೇಕು.

ಆ ನಿರ್ಣಯದ ಸ್ವರೂಪವನ್ನು ಕೊಂಚ ಸಮೀಪದಿಂದ ನೋಡೋಣ. ಮನೆಯ ರೌಟರು ತನ್ನ ಆಶ್ರಯಕ್ಕೆ ಬಂದ ಪ್ರತಿಯೊಂದು ಉಪಕರಣಕ್ಕೂ ಒಂದು ವಿಳಾಸವನ್ನು ಹಂಚುತ್ತದೆ: ತಾನು 192.168.1.1 ಆದರೆ, ಲ್ಯಾಪ್‌ಟಾಪಿಗೆ 192.168.1.34, ಪ್ರಿಂಟರಿಗೆ 192.168.1.50 ಎಂಬಂತೆ. 192.168 ಎಂದು ಮೊದಲಾಗುವ 65,536 ವಿಳಾಸಗಳನ್ನೂ, 10 ಎಂದು ಮೊದಲಾಗುವ ಸಮಸ್ತ ವಿಳಾಸಗಳನ್ನೂ, 172.16ರಿಂದ 172.31ರವರೆಗಿನವುಗಳನ್ನೂ ಖಾಸಗಿ ಬಳಕೆಗೆಂದು ಮೀಸಲಿರಿಸಿದ ದಾಖಲೆಯು 1996ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಅಂದಿನಿಂದ ಲೋಕದ ಯಾವ ಮನೆಯಾದರೂ ಯಾರ ಅನುಮತಿಯನ್ನೂ ಕೇಳದೆ ಇವುಗಳನ್ನು ಬಳಸಬಹುದು, ಆದರೆ ಅವು ಮನೆಯ ಗೋಡೆಯನ್ನು ದಾಟಿ ಹೊರಗೆ ಹೋಗತಕ್ಕವಲ್ಲ. ಇನ್ನು ಲ್ಯಾಪ್‌ಟಾಪಿನೊಳಗೆ ಮಾರ್ಗಸೂಚಿಯ ಒಂದು ಪಟ್ಟಿ ಇರುತ್ತದೆ. ವಿಂಡೋಸ್ ಯಂತ್ರದಲ್ಲಿ ‘ರೂಟ್ ಪ್ರಿಂಟ್’ ಎಂಬ ಆಜ್ಞೆಯನ್ನಿತ್ತರೆ ಅದು ಪರದೆಯ ಮೇಲೆ ಮೂಡುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ಅದರ ಮುಖ್ಯ ಸಾಲುಗಳು ಎರಡು. 192.168.1ರಿಂದ ಮೊದಲಾಗುವ 256 ವಿಳಾಸಗಳಿಗೆ ಹೋಗಬೇಕಾದ ಸಂದೇಶವನ್ನು ನೇರವಾಗಿ ಮನೆಯೊಳಗೇ ತಲುಪಿಸು ಎಂಬುದು ಒಂದು. ಉಳಿದ ಯಾವ ವಿಳಾಸವೇ ಇರಲಿ, ರೌಟರಿನ ಕೈಗೆ ಒಪ್ಪಿಸು ಎಂಬುದು ಇನ್ನೊಂದು. ಈ ಎರಡನೆಯದನ್ನು 0.0.0.0/0 ಎಂದು ಬರೆಯುತ್ತಾರೆ. ಸಮಸ್ತ ಜಗತ್ತು ಎಂದು ಅದರ ತಾತ್ಪರ್ಯ. ಒಂದು ವಿಳಾಸಕ್ಕೆ ಎರಡೂ ಸಾಲುಗಳು ಹೊಂದುವಂತಿದ್ದರೆ, ಹೆಚ್ಚು ನಿರ್ದಿಷ್ಟವಾದ ಸಾಲಿಗೇ ಪ್ರಾಶಸ್ತ್ಯ ಎಂಬುದು ಅಂತರಜಾಲದ ಮಾರ್ಗಶಾಸ್ತ್ರದ ಮೂಲಸೂತ್ರ.

ವಿಪಿಎನ್ ಬಂದು ಈ ಪಟ್ಟಿಯಲ್ಲಿ ತನ್ನ ಸಾಲನ್ನು ಸೇರಿಸುತ್ತದೆ. ಲಕೋಟೆಯೊಂದನ್ನು ಇನ್ನೊಂದು ಲಕೋಟೆಯೊಳಗೆ ಹಾಕಿ ಅರಗುಮುದ್ರೆಯೊತ್ತಿ, ಹೊರಗಿನ ಲಕೋಟೆಯ ಮೇಲೆ ಕಚೇರಿಯ ವಿಳಾಸವನ್ನು ಮಾತ್ರ ಬರೆದು ಕಳುಹಿಸುವಂತೆ, ಅದು ಪ್ರತಿಯೊಂದು ಸಂದೇಶವನ್ನೂ ಗೂಢಲಿಪಿಯಲ್ಲಿ ಸುತ್ತಿ ಒಂದೇ ದ್ವಾರಕ್ಕೆ ಸಾಗಿಸುತ್ತದೆ. ದಾರಿಯಲ್ಲಿರುವವರಿಗೆ ಒಳಗಿನದು ಓದಲಾಗದು; ಈ ಮುಚ್ಚಿದ ದಾರಿಯನ್ನೇ ಸುರಂಗವೆನ್ನುತ್ತಾರೆ. ಮೇಲೆ ಹೇಳಿದ ಸೂತ್ರದ ಪ್ರಕಾರವಾದರೆ, ಸಮಸ್ತ ಜಗತ್ತೂ ಸುರಂಗದ ಮೂಲಕವೇ ಹೋದರೂ ಮನೆಯ 256 ವಿಳಾಸಗಳ ನಿರ್ದಿಷ್ಟ ಸಾಲು ಗೆದ್ದು, ಪ್ರಿಂಟರು ಕಾಣಿಸುತ್ತಲೇ ಇರಬೇಕಿತ್ತು. ಆದರೂ ಕಾಣಿಸುವುದಿಲ್ಲವೆಂದರೆ, ಕಚೇರಿಯ ತಂತ್ರಾಂಶವು ಆ ಸಾಲನ್ನು ಅಳಿಸಿದೆ, ಅಥವಾ ಅದಕ್ಕೂ ಮೇಲೆ ಒಂದು ತಡೆಯನ್ನು ನಿಲ್ಲಿಸಿದೆ ಎಂದೇ ಬಹುಮಟ್ಟಿಗೆ ಗ್ರಹಿಸಬೇಕು.

ಬಹುಮಟ್ಟಿಗೆ ಎಂದೆ, ಏಕೆಂದರೆ ಬೇರೆ ಎರಡು ಕಾರಣಗಳೂ ಉಂಟು. ಹೆಸರುಗಳನ್ನು ವಿಳಾಸಗಳನ್ನಾಗಿ ಪರಿವರ್ತಿಸುವ ಡಿಎನ್‌ಎಸ್ ವ್ಯವಸ್ಥೆಯು ವಿಪಿಎನ್ ತೆರೆದೊಡನೆ ಕಚೇರಿಯ ವಶಕ್ಕೆ ಹೋಗುತ್ತದೆ. ಬಸ್ರೂರಿನ ಮನೆಯ ಪ್ರಿಂಟರಿನ ಹೆಸರು ಬೆಂಗಳೂರಿನ ಯಂತ್ರಕ್ಕೆ ಹೇಗೆ ತಿಳಿದೀತು? ಅಲ್ಲದೆ, ಇಂದಿನ ಪ್ರಿಂಟರುಗಳೂ ದೂರದರ್ಶನಗಳೂ ತಮ್ಮ ಇರವನ್ನು ಮನೆಯೊಳಗೆಲ್ಲ ಸಾರಿ ಹೇಳುವುದು 224.0.0.251 ಎಂಬ ಸಮೂಹ ವಿಳಾಸದ ಮೂಲಕ. ಸುರಂಗದ ತಡೆಯು ಆ ಸಾರುವಿಕೆಯನ್ನು ಕೇಳಗೊಡುವುದಿಲ್ಲ. ಆದುದರಿಂದ ಪರೀಕ್ಷೆಯ ಮೊದಲ ಹೆಜ್ಜೆಯೆಂದರೆ ಪ್ರಿಂಟರನ್ನು ಹೆಸರಿನಿಂದ ಹುಡುಕುವುದನ್ನು ಬಿಟ್ಟು ಅದರ ಅಂಕಿಯ ವಿಳಾಸದಿಂದಲೇ ಕರೆದುನೋಡುವುದು. ಅಂಕಿಗೆ ಓಗೊಟ್ಟು ಹೆಸರಿಗೆ ಓಗೊಡದಿದ್ದರೆ, ದಾರಿ ತೆರೆದೇ ಇದೆ, ಗುರುತಿನ ವ್ಯವಸ್ಥೆ ಮಾತ್ರ ತಪ್ಪಿದೆ ಎಂದರ್ಥ. ಆಗ ರೌಟರಿನಲ್ಲಿ ಪ್ರಿಂಟರಿಗೆ ಒಂದು ಶಾಶ್ವತ ವಿಳಾಸವನ್ನು ಕಾಯ್ದಿರಿಸಿ, ಲ್ಯಾಪ್‌ಟಾಪಿನಲ್ಲಿ ಆ ವಿಳಾಸದಿಂದಲೇ ಅದನ್ನು ಸೇರಿಸಿಕೊಂಡರೆ ಕೆಲಸ ಮುಗಿಯಿತು. ಅನೇಕರ ತೊಂದರೆ ಇಷ್ಟರಲ್ಲಿಯೇ ತೀರುತ್ತದೆ.

ಕಚೇರಿಗಳು ಮನೆಯ ದಾರಿಯನ್ನು ಮುಚ್ಚುವುದೇಕೆ ಎಂಬ ಪ್ರಶ್ನೆಗೆ ನ್ಯಾಯವಾದ ಉತ್ತರವೂ ಉಂಟು. ಮನೆಯ ಜಾಲದಲ್ಲಿ ಯಾವ ಯಾವ ಉಪಕರಣಗಳಿವೆ, ಅವುಗಳಲ್ಲಿ ಯಾವುದು ಪರರ ವಶವಾಗಿದೆ ಎಂಬುದನ್ನು ಕಚೇರಿಯು ಅರಿಯದು; ಮಕ್ಕಳು ಆಟದ ತಂತ್ರಾಂಶವನ್ನು ಇಳಿಸಿಕೊಂಡ ಹಳೆಯ ಮೊಬೈಲೋ, ಅಗ್ಗಕ್ಕೆ ಕೊಂಡ ಕ್ಯಾಮೆರಾವೋ ಲ್ಯಾಪ್‌ಟಾಪಿನ ಮೂಲಕ ಕಚೇರಿಯ ಒಳಾಂಗಣಕ್ಕೆ ಸೇತುವೆಯಾದೀತೆಂಬ ಶಂಕೆ ನಿರಾಧಾರವಾದುದಲ್ಲ. 2016ರ ಅಕ್ಟೋಬರ್ 21ರಂದು ಅಮೆರಿಕದ ಡೈನ್ ಎಂಬ ಡಿಎನ್‌ಎಸ್ ಸಂಸ್ಥೆಯನ್ನು ಕೆಡವಿ, ಪ್ರಸಿದ್ಧ ಜಾಲತಾಣಗಳನ್ನೆಲ್ಲ ಗಂಟೆಗಟ್ಟಲೆ ನಿಶ್ಚೇಷ್ಟಗೊಳಿಸಿದ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಸೈನ್ಯ ಕಟ್ಟಿಕೊಂಡದ್ದು ಇಂಥ ಗೃಹಬಳಕೆಯ ಕ್ಯಾಮೆರಾಗಳಿಂದ, ವಿಡಿಯೋ ರೆಕಾರ್ಡರುಗಳಿಂದ, ರೌಟರುಗಳಿಂದ. ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಮಾಲಿಕರು ಬದಲಿಸದೆ ಬಿಟ್ಟುದೇ ಅದಕ್ಕೆ ದೊರೆತ ಪ್ರವೇಶದ್ವಾರ.

ಆದರೆ 2020ರ ಮಾರ್ಚ್ ತಿಂಗಳು ಸುರಕ್ಷತೆಗೂ ಸೌಕರ್ಯಕ್ಕೂ ನಡುವಣ ಸಮತೋಲವನ್ನು ಬದಲಿಸಿತು. ಆ ತಿಂಗಳ 13ರಂದು ಕೇಂದ್ರದ ದೂರಸಂಪರ್ಕ ಇಲಾಖೆಯು ಹೊರಗುತ್ತಿಗೆ ಸೇವೆಯ ಕಂಪೆನಿಗಳಿಗೆ ಮನೆಯಿಂದ ಕೆಲಸ ಮಾಡಿಸುವ ಷರತ್ತುಗಳನ್ನು ಸಡಿಲಿಸಿತು. 25ರಿಂದ ದೇಶವೇ ಬಾಗಿಲು ಮುಚ್ಚಿತು. ಬೆಂಗಳೂರಿನ ಬಾಡಿಗೆಯ ಕೋಣೆಗಳನ್ನು ತೊರೆದು ಬಂದ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಮಕ್ಕಳು ಹಳ್ಳಿಯ ಮನೆಗಳಲ್ಲಿ ಗಣಕಗಳನ್ನು ಹೂಡಿದರು. ಅದುವರೆಗೆ ಕೆಲವರಿಗೆ ಮಾತ್ರ ಬೇಕಾಗಿದ್ದ ವಿಪಿಎನ್ ಎಲ್ಲರಿಗೂ ಬೇಕಾಯಿತು. ಎಲ್ಲರ ಎಲ್ಲ ಸಂದೇಶಗಳೂ, ವಿಡಿಯೋ ಸಭೆಗಳೂ ಒಂದೇ ದ್ವಾರದಲ್ಲಿ ನುಗ್ಗಿದಾಗ ದ್ವಾರವೇ ಕುಸಿಯುವಂತಾಯಿತು. ಎಲ್ಲವನ್ನೂ ಸುರಂಗದಲ್ಲಿ ತುರುಕದೆ ಕೆಲವನ್ನು ನೇರ ದಾರಿಗೆ ಬಿಡಿರೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಆ ಕಾಲದಲ್ಲಿ ತನ್ನ ಗ್ರಾಹಕರಿಗೆ ಸಲಹೆಯಿತ್ತಿತು. ಕವಲು ಸುರಂಗ, ಅಂದರೆ ‘ಸ್ಪ್ಲಿಟ್ ಟನೆಲಿಂಗ್’, ಎಂಬ ಮಾತು ತಜ್ಞರ ಕೋಣೆಯಿಂದ ಮನೆಮನೆಗೂ ಬಂದುದು ಹಾಗೆ.

ಇಲ್ಲಿ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಸ್ಪಷ್ಟವಾಗಿ ಇಟ್ಟುಕೊಳ್ಳುವುದು ಅವಶ್ಯ. ಕಚೇರಿಗೆ ಸಂಬಂಧಪಟ್ಟುದನ್ನು ಮಾತ್ರ ಸುರಂಗದಲ್ಲಿ ಕಳುಹಿಸಿ ಮಿಕ್ಕ ಜಗತ್ತನ್ನೆಲ್ಲ ನೇರವಾಗಿ ನೋಡುವುದು ಒಂದು ಬಗೆ. ಸಮಸ್ತ ಜಗತ್ತನ್ನೂ ಸುರಂಗದ ಮೂಲಕವೇ ನೋಡುತ್ತ, ಸ್ವಂತ ಮನೆಯ ಬೆರಳೆಣಿಕೆಯ ವಿಳಾಸಗಳನ್ನು ಮಾತ್ರ ಹೊರಗಿರಿಸಿಕೊಳ್ಳುವುದು ಇನ್ನೊಂದು ಬಗೆ. ಪ್ರಿಂಟರಿಗಾಗಿ ಪರದಾಡುವವನಿಗೆ ಬೇಕಾದುದು ಎರಡನೆಯದು ಮಾತ್ರ. ಆದರೂ ಅವಸರದಲ್ಲಿ ಜನ ಮೊದಲನೆಯದನ್ನು ಆರಿಸಿಕೊಂಡು, ಬೇಕಾದುದಕ್ಕಿಂತ ನೂರು ಪಾಲು ದೊಡ್ಡ ಬಾಗಿಲನ್ನು ತೆರೆದಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ವಿಷಯದ ತಿರುಳೇ ಇದು: ಮನೆಯಷ್ಟನ್ನೇ ಬಿಡಿಸಿಕೊಳ್ಳತಕ್ಕದ್ದು, ಅದಕ್ಕಿಂತ ಒಂದು ಅಂಗುಲವನ್ನೂ ಹೆಚ್ಚಿಗೆ ಬಿಡಿಸಿಕೊಳ್ಳಬೇಕಾಗಿಲ್ಲ.

ದೂರದ ವ್ಯವಹಾರವನ್ನೂ ಸ್ವಂತ ಕೇರಿಯ ಬಾಳನ್ನೂ ಹೀಗೆ ಬೇರೆ ಬೇರೆಯಾಗಿ ನಡೆಸುವ ವಿವೇಕವನ್ನು ಕುರಿತು ಬರೆಯುವಾಗ ಬಸ್ರೂರಿನ ಪೂರ್ವವೃತ್ತಾಂತವು ತಾನಾಗಿ ನೆನಪಿಗೆ ಬರುತ್ತದೆ. ಹೆದ್ದಾರಿಯ ಬಸ್ರೂರು ಮೂರ್ಕೈಯಲ್ಲಿ ಕಂಡ್ಲೂರಿನ ಕಡೆಗೆ ತಿರುಗಿ ಈ ಊರನ್ನು ಹೊಕ್ಕವರಿಗೆ, ವಾರಾಹಿಯ ದಂಡೆಯ ಈ ಶಾಂತ ಗ್ರಾಮವು ಒಂದು ಕಾಲಕ್ಕೆ ಅರಬರ, ಪೋರ್ಚುಗೀಸರ ಬರಹಗಳಲ್ಲಿ ಪ್ರಖ್ಯಾತವಾದ ಪತ್ತನವಾಗಿತ್ತೆಂಬುದು ಸುಲಭವಾಗಿ ಹೊಳೆಯದು. ಘಟ್ಟದ ಮೇಲಿನ ಸರಕೂ ಕರಾವಳಿಯ ಅಕ್ಕಿಯೂ ಇಲ್ಲಿಂದ ಗೋವೆಗೆ, ಮಲಬಾರಿಗೆ, ಪಾರಸಿಕ ಕೊಲ್ಲಿಯ ಹೊರ್ಮುಜಿಗೆ ಹೋಗುತ್ತಿದ್ದುವು. ಪಡುಕೇರಿ, ಮೂಡುಕೇರಿಗಳೆಂಬ ವಿಭಾಗಗಳೂ, ನಖರ ಹಂಜಮಾನಗಳೆಂಬ ವರ್ತಕ ಸಂಘಗಳೂ ಈ ಸೀಮೆಯ ಶಾಸನಗಳಲ್ಲಿ ಕಾಣಸಿಗುತ್ತವೆ. ಊರಿನ ಆಡಳಿತದಲ್ಲಿ ವರ್ತಕರದೇ ದೊಡ್ಡ ಕೈ. ಹದಿನಾರನೆಯ ಶತಮಾನದಲ್ಲಿ ಕಡಲಿನ ಮೇಲೆ ಪ್ರಭುತ್ವವನ್ನು ಸಾಧಿಸಿದ ಪೋರ್ಚುಗೀಸರು ಕರ್ತಾಜ್ ಎಂಬ ರಹದಾರಿ ಪತ್ರವಿಲ್ಲದೆ ಯಾವ ಹಡಗೂ ಸಂಚರಿಸಕೂಡದೆಂದು ವಿಧಿಸಿದರು. 1569ರಲ್ಲಿ ಇಲ್ಲಿ ತಮ್ಮ ಕೋಟೆಯನ್ನೂ ಸ್ಥಾಪಿಸಿದರು. ಆ ಕೋಟೆ ಇದ್ದುದು ಕೆಳಗೆ, ಅಳಿವೆಯ ಕಡೆಗೆ. ಮೇಲಿನ ಊರು ವರ್ತಕರದಾಗಿಯೇ ಉಳಿಯಿತು. ಪತ್ರದ ನಿರ್ಬಂಧವಿದ್ದುದು ಕಡಲಿಗಿಳಿಯುವ ಹಡಗಿಗೆ ಮಾತ್ರ, ಕೇರಿಯೊಳಗಿನ ಬಾಳಿಗಲ್ಲ. 1650ರ ದಶಕದಲ್ಲಿ ಕೆಳದಿಯ ಶಿವಪ್ಪನಾಯಕನು ಆ ಕೋಟೆಯನ್ನು ಕಸಿದುಕೊಂಡನು; 1665ರ ಫೆಬ್ರವರಿಯಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಪಟ್ಟಣವನ್ನು ಸೂರೆಗೈದುದು, ಅದರ ಸಂಪತ್ತಿನ ಕೀರ್ತಿ ಎಷ್ಟು ದೂರ ಹಬ್ಬಿತ್ತೆಂಬುದಕ್ಕೆ ಸಾಕ್ಷಿ. ಕಡಲಿಗೆ ತೆರೆದ ಊರಿಗೆ ಲಾಭ ಬರುವ ದಾರಿಯಲ್ಲಿಯೇ ದಾಳಿಯೂ ಬರುತ್ತದೆಂಬ ಅನುಭವ ಈ ಮಣ್ಣಿನದು; ಇಂದು ಮತ್ತೆ ದೂರದ ದುಡಿಮೆಯನ್ನು ಮನೆಯೊಳಗೆ ತಂದುಕೊಂಡ ಇಲ್ಲಿನ ಮಕ್ಕಳಿಗೂ ಅದೇ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗಿದೆ.

ಉಪಾಯಗಳ ಕಡೆಗೆ ಬರೋಣ. ಕಚೇರಿಯು ಕೊಟ್ಟ ವಿಪಿಎನ್ ಆಗಿದ್ದರೆ ಮೊದಲು ಅದರ ಸಿದ್ಧತೆಯ ಪುಟದಲ್ಲಿ ಸ್ಥಳೀಯ ಜಾಲಕ್ಕೆ ಅನುಮತಿ ನೀಡುವ ಒಂದು ಚೌಕವಿದೆಯೇ ಎಂದು ನೋಡಬೇಕು. ಬಹಳ ಕಡೆ ಬಳಕೆಯಲ್ಲಿರುವ ಸಿಸ್ಕೋ ಸಂಸ್ಥೆಯ ತಂತ್ರಾಂಶದಲ್ಲಿ ಅಂಥದೊಂದಿದೆ. ಆದರೆ ಅದಕ್ಕೆ ಗುರುತು ಹಾಕಿದ ಮಾತ್ರಕ್ಕೆ ದಾರಿ ತೆರೆಯುವುದಿಲ್ಲ. ಆಚೆಯ ತುದಿಯಲ್ಲಿ ಕಚೇರಿಯ ನಿರ್ವಾಹಕರೂ ಒಪ್ಪಿ ಅದಕ್ಕೆ ತಕ್ಕ ನಿಯಮವನ್ನು ಬರೆದಿರಬೇಕು. ಅವರು ಒಪ್ಪದಿದ್ದಲ್ಲಿ ಕಳ್ಳದಾರಿಯನ್ನು ಅರಸುವುದು ಸರ್ವಥಾ ಸಲ್ಲದು. ಲ್ಯಾಪ್‌ಟಾಪು ಅವರದು, ಕಡತಗಳೂ ಅವರವು. ಮನೆಯ ಪ್ರಿಂಟರಿನ ವಿಳಾಸವೊಂದನ್ನು ಹೊರತುಪಡಿಸಬೇಕೆಂದು ಕಾರಣಸಹಿತವಾಗಿ ಬರೆದು ಕೇಳುವುದೇ ಸರಿಯಾದ ಕ್ರಮ. ಅದೂ ಆಗದಿದ್ದರೆ ಯುಎಸ್‌ಬಿ ತಂತಿಯಿಂದ ಪ್ರಿಂಟರನ್ನು ಲ್ಯಾಪ್‌ಟಾಪಿಗೆ ನೇರವಾಗಿ ಜೋಡಿಸಿದರಾಯಿತು. ಯಾವ ಮಾರ್ಗಸೂಚಿಯ ಪಟ್ಟಿಯೂ ತಂತಿಯ ಆ ಸಂಬಂಧವನ್ನು ಅಳಿಸಲಾರದು.

ಸ್ವಂತ ಇಚ್ಛೆಯಿಂದ ಹಾಕಿಕೊಂಡ ವಿಪಿಎನ್ನಿನಲ್ಲಿ ಸ್ವಾತಂತ್ರ್ಯ ಹೆಚ್ಚು. ಜೇಸನ್ ಡೊನೆನ್‌ಫೆಲ್ಡ್ ಎಂಬ ತಂತ್ರಜ್ಞನು ರಚಿಸಿದ ವಿಪಿಎನ್ ಆದ ವೈರ್‌ಗಾರ್ಡ್, 2020ರ ಮಾರ್ಚ್ 29ರಂದು ಹೊರಬಂದ ಲಿನಕ್ಸ್ 5.6ರ ಗರ್ಭದಲ್ಲಿಯೇ ಸೇರ್ಪಡೆಯಾಯಿತು. ಹಳೆಯ ವಿಪಿಎನ್‌ಗಳು ಲಕ್ಷಗಟ್ಟಲೆ ಸಾಲುಗಳ ಕಾಡಾಗಿದ್ದರೆ, ಇದರ ಮೂಲಸಂಹಿತೆ ಸುಮಾರು 4,000 ಸಾಲುಗಳದು. ತಿಳಿದವನೊಬ್ಬನು ಕುಳಿತು ಆದ್ಯಂತವಾಗಿ ಓದಿ ಪರಿಶೀಲಿಸಬಹುದಾದಷ್ಟು. ಇದರ ಸಿದ್ಧತೆಯ ಕಡತದಲ್ಲಿ ‘ಅಲೌಡ್ ಐಪೀಸ್’ ಎಂಬ ಒಂದು ಸಾಲು ಇರುತ್ತದೆ. ಯಾವ ಯಾವ ವಿಳಾಸಗಳು ಸುರಂಗವನ್ನು ಹೊಗಬೇಕೆಂಬುದು ಅಲ್ಲಿಯೇ ನಿರ್ಣಯವಾಗುವುದು. ಅಲ್ಲಿ 0.0.0.0/0 ಎಂದಿದ್ದರೆ ಸಮಸ್ತ ಜಗತ್ತೂ ಸುರಂಗದ ಪಾಲು. ಬಿಡತಕ್ಕದ್ದನ್ನು ಹೇಳುವ ಸೌಕರ್ಯ ಈ ಸಾಲಿಗಿಲ್ಲ, ಸೇರಿಸತಕ್ಕದ್ದನ್ನಷ್ಟೇ ಹೇಳಬಹುದು. ಆದುದರಿಂದ ಒಂದು ಮನೆಯ 256 ವಿಳಾಸಗಳನ್ನು ಬಿಡಿಸಿಕೊಳ್ಳಬೇಕಾದರೆ, 429 ಕೋಟಿಗೂ ಮಿಕ್ಕ ವಿಳಾಸಗಳ ಉಳಿದ ಜಗತ್ತನ್ನು ಸರಿಯಾಗಿ 24 ತುಂಡುಗಳನ್ನಾಗಿ ವಿಂಗಡಿಸಿ ಬರೆಯಬೇಕಾಗುತ್ತದೆ. ಈ ಲೆಕ್ಕವನ್ನು ಕೈಯಿಂದ ಮಾಡಿನೋಡಿದರೆ ವಿಳಾಸಗಳ ರಚನೆಯ ಸೊಗಸು ಮನಗಾಣುತ್ತದೆ. ಅಷ್ಟು ವ್ಯವಧಾನವಿಲ್ಲದವರಿಗಾಗಿ ಮೊಬೈಲಿನ ಆವೃತ್ತಿಯಲ್ಲಿ ಖಾಸಗಿ ವಿಳಾಸಗಳನ್ನು ಹೊರಗಿಡುವ ಗುಂಡಿಯೊಂದಿದ್ದು, ಒತ್ತಿದೊಡನೆ ಅದೇ ಇಂಥ ಪಟ್ಟಿಯನ್ನು ಬರೆದುಕೊಳ್ಳುತ್ತದೆ. ಲಿನಕ್ಸಿನ ಸಾಮಾನ್ಯ ಏರ್ಪಾಡಿನಲ್ಲಿ ಈ ಪ್ರಯಾಸವೂ ಬೇಡ. ಅಲ್ಲಿ ಮನೆಯ ನಿರ್ದಿಷ್ಟ ಸಾಲಿಗೆ ಮೊದಲ ಮಾನ್ಯತೆ ಉಳಿದೇ ಇರುತ್ತದೆ. ವಿಂಡೋಸಿನಲ್ಲಿ ಮಾತ್ರ, ಸಮಸ್ತ ಜಗತ್ತನ್ನೂ ಸುರಂಗಕ್ಕೆ ಒಪ್ಪಿಸಿದಾಗ ಸುರಂಗದ ಹೊರಗಿನದೆಲ್ಲವನ್ನೂ ತಡೆಯುವ ಒಂದು ಚೌಕವಿದ್ದು, ಅದನ್ನು ತೆಗೆಯದೆ ಪ್ರಿಂಟರು ಕಾಣಿಸದು. ಹಣ ತೆತ್ತು ಪಡೆಯುವ ಇತರ ವಿಪಿಎನ್‌ಗಳಲ್ಲಿಯೂ ಸ್ಥಳೀಯ ಜಾಲವನ್ನು ಬಿಡುವ ಗುಂಡಿಯು ಸಾಮಾನ್ಯವಾಗಿ ಒಂದಲ್ಲ ಒಂದು ಹೆಸರಿನಿಂದ ಇರುತ್ತದೆ.

ಆ ಗುಂಡಿಯನ್ನು ಒತ್ತಿ ಮರೆತುಬಿಡುವವರಿಗಾಗಿ ಈ ಮುಂದಿನ ಮಾತು. 2023ರ ಆಗಸ್ಟ್ ತಿಂಗಳಲ್ಲಿ ಬೆಲ್ಜಿಯಮ್ಮಿನ ಮ್ಯಾತಿ ವಾನ್‌ಹೂಫ್ ಮತ್ತು ಅವರ ಸಹೋದ್ಯೋಗಿಗಳು ‘ಟನೆಲ್‌ಕ್ರ್ಯಾಕ್’ ಎಂಬ ಹೆಸರಿನಿಂದ ಪ್ರಕಟಿಸಿದ ಸಂಶೋಧನೆಯು ಈ ಮನೆಬಾಗಿಲಿನ ಮೂಲಕವೇ ಕಳ್ಳನು ಹೊಗುವ ಬಗೆಯನ್ನು ತೋರಿಸಿಕೊಟ್ಟಿತು. ಮನೆಯ ಜಾಲವೆಂದರೆ ಯಾವುದು ಎಂಬುದನ್ನು ಲ್ಯಾಪ್‌ಟಾಪಿಗೆ ಹೇಳುವುದು ರೌಟರು ತಾನೇ? ವಸತಿಗೃಹದಲ್ಲೋ ರೈಲುನಿಲ್ದಾಣದಲ್ಲೋ ವಂಚಕನೊಬ್ಬನು ಉಚಿತ ವೈಫೈಯನ್ನು ಒಡ್ಡಿ, ತಾನು ಕದಿಯಬೇಕೆಂದಿರುವ ಸಾರ್ವಜನಿಕ ಜಾಲತಾಣದ ವಿಳಾಸವೇ ಈ ಕಟ್ಟಡದ ಸ್ಥಳೀಯ ವಿಳಾಸವೆಂದು ಸುಳ್ಳು ಹೇಳಿದರೆ, ಸ್ಥಳೀಯವನ್ನು ಬಿಡು ಎಂಬ ಆಜ್ಞೆಯನ್ನು ಪಾಲಿಸುವ ವಿಪಿಎನ್ ಆ ಸಂದೇಶಗಳನ್ನು ಸುರಂಗದ ಹೊರಗೇ ಬಿಟ್ಟುಕೊಡುತ್ತದೆ. 60ಕ್ಕೂ ಹೆಚ್ಚು ವಿಪಿಎನ್‌ಗಳನ್ನು ಅವರು ಪರೀಕ್ಷಿಸಿದರು; ಆಪಲ್ ಉಪಕರಣಗಳಲ್ಲಿ ಬಹುತೇಕ ಎಲ್ಲವೂ ಈ ವಂಚನೆಗೆ ಸಿಕ್ಕಿದುವು, ಆಂಡ್ರಾಯ್ಡಿನಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಮಾತ್ರ. ಮರುವರ್ಷದ ಮೇ ತಿಂಗಳಲ್ಲಿ ಪ್ರಕಟವಾದ ‘ಟನೆಲ್‌ವಿಷನ್’ ಎಂಬ ಇನ್ನೊಂದು ಶೋಧವು, ವಿಳಾಸ ಹಂಚುವ ಡಿಎಚ್‌ಸಿಪಿ ವ್ಯವಸ್ಥೆಯ 121ನೆಯ ಸೌಕರ್ಯವನ್ನು ದುರುಪಯೋಗಪಡಿಸಿ, ಸುರಂಗಕ್ಕಿಂತ ನಿರ್ದಿಷ್ಟವಾದ ಸಾಲುಗಳನ್ನು ಪಟ್ಟಿಯಲ್ಲಿ ತುರುಕಬಹುದೆಂದು ತೋರಿಸಿತು. ಆ ಸೌಕರ್ಯವು 2002ರಿಂದಲೂ ಇದ್ದುದೇ. ಮನೆಯ ಪ್ರಿಂಟರನ್ನು ನಮಗೆ ಉಳಿಸಿಕೊಡುವ ಸೂತ್ರವೇ ಅನ್ಯರ ಕೈಯಲ್ಲಿ ಆಯುಧವಾಗುತ್ತದೆ.

ಇದರಿಂದ ನಾನು ತೆಗೆದ ನಿರ್ಣಯವಿಷ್ಟು: ಸ್ಥಳೀಯ ಜಾಲದ ಅನುಮತಿಯು ಮನೆಗೆ ಸೇರಿದುದು, ಯಂತ್ರಕ್ಕೆ ಸೇರಿದುದಲ್ಲ. ಬಸ್ರೂರಿನ ಮನೆಯಲ್ಲಿ ಅದು ತೆರೆದಿರಲಿ. ಕುಂದಾಪುರದ ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಕುಳಿತಾಗ, ಬೆಂಗಳೂರಿನ ರೈಲಿಗಾಗಿ ಕಾಯುವಾಗ ಅದು ಮುಚ್ಚಿರಲಿ. ಮನೆಯಲ್ಲಿ ತೆರೆದಿಡುವುದಕ್ಕೂ ಮೊದಲು ಮನೆ ವಿಶ್ವಾಸಕ್ಕೆ ಯೋಗ್ಯವಾಗಿರಬೇಕು: ರೌಟರಿನೊಡನೆ ಬಂದ ಗುಪ್ತಪದವನ್ನು ಬದಲಿಸಬೇಕು, ಬಂದುಹೋಗುವ ನೆಂಟರಿಷ್ಟರಿಗೂ, ಗುಣ ತಿಳಿಯದ ಅಗ್ಗದ ಉಪಕರಣಗಳಿಗೂ ಅತಿಥಿಗಳ ವೈಫೈಯನ್ನು ಪ್ರತ್ಯೇಕವಾಗಿ ತೆರೆದುಕೊಡಬೇಕು, ಕ್ಯಾಮೆರಾದ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಬೇಕು.

ಇದರ ಮರುಮುಖವೂ ಒಂದುಂಟು. ಮಗ ಬೆಂಗಳೂರಿಗೋ ದುಬೈಗೋ ಮರಳಿ ಹೋದ ಮೇಲೆ, ಊರಿನ ಮನೆಯ ಬಾವಿಯ ಪಂಪನ್ನೂ ಗೇಟಿನ ಕ್ಯಾಮೆರಾವನ್ನೂ ಅಲ್ಲಿಂದಲೇ ನೋಡಬೇಕೆಂಬ ಹಂಬಲ. ಇದಕ್ಕಾಗಿ ರೌಟರಿನಲ್ಲಿ ಕಿಂಡಿ ತೆರೆದು ಕ್ಯಾಮೆರಾವನ್ನು ನೇರವಾಗಿ ಲೋಕಕ್ಕೆ ಒಡ್ಡುವವರಿದ್ದಾರೆ. ಮಿರಾಯ್ ಹುಡುಕುತ್ತಿದ್ದುದು ಇವರ ಮನೆಗಳನ್ನೇ. ಮನೆಯೊಳಗೇ ಒಂದು ವೈರ್‌ಗಾರ್ಡ್ ಕೇಂದ್ರವನ್ನು ಸ್ಥಾಪಿಸಿ, ದೂರದಿಂದ ಅದರ ಸುರಂಗದ ಮೂಲಕ ಒಳಬರುವುದು ಯೋಗ್ಯವಾದ ಮಾರ್ಗ. ನಮ್ಮ ದೇಶದ ಅನೇಕ ಗೃಹಸಂಪರ್ಕಗಳಿಗೆ ಸ್ವಂತ ಸಾರ್ವಜನಿಕ ವಿಳಾಸವಿಲ್ಲ, ಸೇವಾ ಕಂಪೆನಿಯು ಒಂದೇ ವಿಳಾಸವನ್ನು ನೂರಾರು ಮನೆಗಳಿಗೆ ಹಂಚುತ್ತದೆ ಎಂಬುದೇ ಇಲ್ಲಿನ ತಡೆ. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟರು. ರೌಟರಿನ ಹೊರಮುಖದಲ್ಲಿ ಅಂಥ ಅಂಕಿ ಕಂಡರೆ ಹೊರಗಿನಿಂದ ನೇರವಾಗಿ ಬಾಗಿಲು ತಟ್ಟಲಾಗದೆಂದು ತಿಳಿಯಬೇಕು. ಆಗ ಹೆಚ್ಚಿನ ಶುಲ್ಕ ತೆತ್ತು ಸ್ಥಿರ ವಿಳಾಸ ಪಡೆಯುವುದು, ಹೊಸ ಪೀಳಿಗೆಯ ವಿಳಾಸ ವ್ಯವಸ್ಥೆಯಾದ ಐಪಿವಿ6ರ ದಾರಿಯನ್ನು ಹಿಡಿಯುವುದು, ಇಲ್ಲವೆ ಎರಡೂ ತುದಿಗಳಿಂದ ಹೊರಟ ಸಂದೇಶಗಳನ್ನು ನಡುವೆ ಸಂಧಿಸಿಕೊಡುವ ಟೇಲ್‌ಸ್ಕೇಲಿನಂಥ ಸೇವೆಯನ್ನು ಆಶ್ರಯಿಸುವುದು, ಇವೇ ಗತಿ.

ಇಲ್ಲಿ ಇನ್ನೊಂದು ಸೂಕ್ಷ್ಮ. ಬಸ್ರೂರಿನ ಮನೆಯೂ 192.168.1, ಬೆಂಗಳೂರಿನ ಬಾಡಿಗೆ ಮನೆಯೂ 192.168.1 ಆಗಿದ್ದರೆ, 192.168.1.50 ಎಂದಾಗ ಲ್ಯಾಪ್‌ಟಾಪು ಯಾವ ಮನೆಯ ಪ್ರಿಂಟರನ್ನು ಕರೆಯಬೇಕು? ತನ್ನ ಪಕ್ಕದ್ದನ್ನೇ ಅದು ಕರೆಯುತ್ತದೆ; ಊರಿನ ಮನೆ ಕಾಣೆಯಾಗುತ್ತದೆ. ಕಚೇರಿಯ ಜಾಲವೂ ಅದೇ ಅಂಕಿಯದಾಗಿದ್ದರೆ ತೊಡಕು ಇಮ್ಮಡಿ. ಕಾರ್ಖಾನೆಯಿಂದ ಬಂದ ಅಂಕಿಯನ್ನು ಬಿಟ್ಟು ಊರಿನ ಮನೆಗೆ 192.168.73 ಎಂಬಂಥ ಅಪರೂಪದ ಅಂಕಿಯನ್ನು ರೌಟರಿನ ಸಿದ್ಧತೆಯಲ್ಲಿ ಒಮ್ಮೆ ಬರೆದಿಟ್ಟರೆ ಈ ಗೊಂದಲವೆಲ್ಲ ಜನ್ಮತಾಳುವುದೇ ಇಲ್ಲ. ಹತ್ತು ನಿಮಿಷದ ಈ ಕೆಲಸವನ್ನು ಮೊದಲೇ ಮಾಡಿಕೊಂಡವರು ಭಾಗ್ಯವಂತರು.

ಮಳೆಗಾಲದ ಮಾತನ್ನೂ ಆಡಬೇಕು. ಜೂನ್ ಹೊಕ್ಕಿತೆಂದರೆ ನಮ್ಮಲ್ಲಿ ಮರದ ಕೊಂಬೆ ತಂತಿಯ ಮೇಲೆ ಬೀಳುವುದು, ಕರೆಂಟು ಹೋಗುವುದು, ಗುಡುಗು ಸಿಡಿಲಿಗೆ ಹೆದರಿ ಹಿರಿಯರು ರೌಟರಿನ ಪಿನ್ನು ಕೀಳುವುದು ನಿತ್ಯದ ಸಂಗತಿ. ಸುರಂಗವು ಕಡಿದಾಗ ಸರ್ವ ಸಂಚಾರವನ್ನೂ ಸ್ತಂಭಿಸುವ ‘ಕಿಲ್ ಸ್ವಿಚ್’ ಎಂಬ ಏರ್ಪಾಡು ಚಾಲ್ತಿಯಲ್ಲಿದ್ದರೆ, ಇನ್ವರ್ಟರಿನ ಬಲದಿಂದ ವೈಫೈ ಉರಿಯುತ್ತಿದ್ದರೂ ಲ್ಯಾಪ್‌ಟಾಪಿಗೆ ಎಲ್ಲವೂ ಸತ್ತಂತೆಯೇ. ಆ ಏರ್ಪಾಡು ಇರಬೇಕಾದುದೇ; ಸ್ಥಳೀಯ ಜಾಲವನ್ನು ಅದರಿಂದ ಹೊರತುಪಡಿಸಿದ್ದರೆ, ಹೊರಜಗತ್ತು ಮರಳುವ ತನಕ ಮನೆಯೊಳಗಿನ ಕೆಲಸವಾದರೂ ಸಾಗೀತು.

ವಿಪಿಎನ್ ಬಳಕೆ ಕಾನೂನುಬಾಹಿರವೇ ಎಂದು ಕೇಳುವವರಿದ್ದಾರೆ. ಭಾರತದಲ್ಲಿ ಸಾಮಾನ್ಯ ಬಳಕೆಗೆ ನಿಷೇಧವಿಲ್ಲ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ ಹೊರಡಿಸಿದ ನಿರ್ದೇಶನವು, ವಿಪಿಎನ್ ಸೇವೆ ಮಾರುವ ಕಂಪೆನಿಗಳು ಗ್ರಾಹಕರ ಹೆಸರು ವಿಳಾಸಾದಿಗಳನ್ನು 5 ವರ್ಷಗಳ ಕಾಲ ಕಾಯ್ದಿರಿಸಬೇಕೆಂದು ವಿಧಿಸಿತು. ಅದನ್ನು ಒಪ್ಪದ ಕೆಲವು ವಿದೇಶಿ ಕಂಪೆನಿಗಳು ತಮ್ಮ ಸರ್ವರುಗಳನ್ನು ದೇಶದಿಂದ ತೆಗೆದವು. ಕಚೇರಿಗಳು ತಮ್ಮ ನೌಕರರಿಗಾಗಿ ನಡೆಸುವ ವಿಪಿಎನ್‌ಗಳಿಗೆ ಈ ನಿಯಮ ತಟ್ಟದೆಂದು ಅನಂತರ ಸ್ಪಷ್ಟೀಕರಣವೂ ಬಂತು. ಕೊಲ್ಲಿಯ ದೇಶಗಳಲ್ಲಿರುವ ನಮ್ಮವರು ಅಲ್ಲಿನ ಕಾನೂನನ್ನು ಪ್ರತ್ಯೇಕವಾಗಿ ವಿಚಾರಿಸಿಕೊಳ್ಳತಕ್ಕದ್ದು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅಪರಾಧವೆಸಗುವುದಕ್ಕಾಗಿಯೋ ಅದನ್ನು ಮರೆಮಾಚುವುದಕ್ಕಾಗಿಯೋ ವಿಳಾಸವನ್ನು ಬಚ್ಚಿಡುವುದಕ್ಕೆ ಭಾರಿ ದಂಡವುಂಟು.

ಇಷ್ಟನ್ನೆಲ್ಲ ಸಿದ್ಧಪಡಿಸಿದ ಮೇಲೆ ಪರೀಕ್ಷಿಸದೆ ನಂಬುವುದು ತರವಲ್ಲ. ವಿಪಿಎನ್ ಚಾಲನೆಯಲ್ಲಿರುವಾಗಲೇ ಪ್ರಿಂಟರಿನ ಅಂಕಿಯನ್ನು ಕರೆದುನೋಡಿ; ಅದು ಓಗೊಡಬೇಕು. ಬಳಿಕ, ನನ್ನ ಸಾರ್ವಜನಿಕ ವಿಳಾಸ ಯಾವುದೆಂದು ತಿಳಿಸುವ ಯಾವುದಾದರೊಂದು ತಾಣವನ್ನು ತೆರೆದುನೋಡಿ. ಅಲ್ಲಿ ಕಾಣುವುದು ಸುರಂಗದ ಆಚೆಯ ತುದಿಯ ವಿಳಾಸವಾಗಿರಬೇಕೇ ಹೊರತು ಮನೆಯ ಸಂಪರ್ಕದ್ದಾಗಿರಕೂಡದು. ಐಪಿವಿ4 ಮತ್ತು ಐಪಿವಿ6 ಎರಡನ್ನೂ ನೋಡಬೇಕು, ಏಕೆಂದರೆ ಮೊದಲನೆಯದನ್ನು ಮುಚ್ಚಿ ಎರಡನೆಯದನ್ನು ಸೋರಗೊಡುವ ವಿಪಿಎನ್‌ಗಳು ಇನ್ನೂ ಇವೆ. ಕೊನೆಯದಾಗಿ ಸುರಂಗವನ್ನು ಬೇಕೆಂದೇ ಕಡಿದು, ಹೊರಜಗತ್ತು ನಿಂತು ಪ್ರಿಂಟರು ಮಾತ್ರ ಉಳಿಯುತ್ತದೆಯೇ ಎಂದು ಪರಿಶೀಲಿಸಿ. ಮೂರೂ ಸರಿಯಾಗಿದ್ದರೆ ರೌಟರಿನ ಅಂಕಿ, ಪ್ರಿಂಟರಿನ ಅಂಕಿ, ಕ್ಯಾಮೆರಾದ ಅಂಕಿ ಇವನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಿಂದ ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿರುವ ಹಿರಿಯರ ಕೈಗೆ ಕೊಡಿ. ಕರೆಂಟು ಹೋಗಿ ಬಂದ ಮೇಲೆ ಯಾವ ದೀಪ ಹಸಿರಾಗಬೇಕು, ಆಗದಿದ್ದರೆ ಯಾವ ಪಿನ್ನನ್ನು ಕಿತ್ತು ಮತ್ತೆ ಹಾಕಬೇಕು ಎಂಬುದನ್ನೂ ಅದರಲ್ಲಿ ಬರೆಯಿರಿ. ಮಗ ಊರಲ್ಲಿಲ್ಲದ ದಿನ ಆ ಮನೆಯ ಜಾಲವನ್ನು ನಡೆಸುವವರು ಅವರೇ.